ತೂಕದ ಮಾತು

ಪಿಸ್ತೂಲನ್ನು ಕುರಿತು ಈ ಪುಟದಲ್ಲಿ ಬರೆಯಹೊರಟಿರುವ ನನ್ನನ್ನು ಕಂಡು ವಾಚಕರು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಲಘು ಗುರುಗಳನ್ನು ಎಣಿಸಿ ಷಟ್ಪದಿಗಳಿಗೆ ಪ್ರಸ್ತಾರ ಹಾಕಿಸುತ್ತ ಬಂದವನಿಗೆ ಗುಂಡು ಗುರಿಗಳ ಲೆಕ್ಕವೇಕೆ? ನಾನು ಜೀವಮಾನದಲ್ಲಿ ಹಿಡಿದ ಬಂದೂಕೆಂದರೆ ಜಾತ್ರೆಯಲ್ಲಿ ಬಲೂನು ಹೊಡೆಯುವುದೊಂದೇ. ಆ ದಿನ ಬಲೂನುಗಳೆಲ್ಲ ಕ್ಷೇಮವಾಗಿಯೇ ಉಳಿದುವು. ಆದ್ದರಿಂದ ನಾನಿಲ್ಲಿ ಹೇಳುವುದು ಆಯುಧಜ್ಞನ ಮಾತಲ್ಲ. ಆಯುಧಜ್ಞರ ಮಾತನ್ನು ಕೇಳಿಸಿಕೊಂಡ ಒಬ್ಬ ಕನ್ನಡ ಮೇಷ್ಟರ ಮಾತು.

ಪದವಿಪೂರ್ವ ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿ, ಮುಂದೆ ಎಂಜಿನಿಯರಾದ ಶಿಷ್ಯನೊಬ್ಬ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಒಂದು ಗುರಿಕೂಟವನ್ನು ಸೇರಿದ. 2016ರಲ್ಲಿ ಅವನಿಂದ ನನಗೆ ಒಂದು ನೀಳವಾದ ಪತ್ರ ಬಂದಿತು. ಆ ಪ್ರಾಂತದ ಊಹೆರ್ಸ್ಕಿ ಬ್ರೋಡ್ ಎಂಬ ಊರಿನ ಚೆಸ್ಕಾ ಝ್ಬ್ರೊಯೋವ್ಕಾ ಕಾರ್ಖಾನೆ ಸ್ಪರ್ಧೆಗೆಂದೇ ಹೊಸ ಪಿಸ್ತೂಲೊಂದನ್ನು ಹೊರತಂದಿತ್ತು. ಅದರ ಹೆಸರು ‘ಶ್ಯಾಡೋ 2’, ಎಂದರೆ ನೆರಳು. ಹೆಸರು ನೆರಳಾದರೂ ಒಡಲು ಅಪ್ಪಟ ಉಕ್ಕು. ತೂಕ ಸುಮಾರು 1330 ಗ್ರಾಂ. ಕೂಟದಲ್ಲಿ ಇಬ್ಬರು ಸೇರಿದರೆ ಅದರದೇ ಚರ್ಚೆಯಂತೆ. ಆ ಚರ್ಚೆಯನ್ನು ಅವನು ಪುಟಗಟ್ಟಲೆ ಬರೆದಿದ್ದ. ನಾನು ಅರ್ಧ ಓದಿ ಮಡಿಸಿಟ್ಟೆ. ಈಚೆಗೆ ರಜೆಯಲ್ಲಿ ಊರಿಗೆ ಬಂದವನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಆ ಮಾತನ್ನೇ ಮತ್ತೆ ತೆಗೆದ. ಈ ಸಲ ಪೂರ್ತಿಯಾಗಿ ಕೇಳಿದೆ. ಕೇಳಿದುದು ಒಳ್ಳೆಯದೇ ಆಯಿತು.

ಈ ಚರ್ಚೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಶ್ಯಾಡೋವಿನ ಮೂಲಪುರುಷ ‘ಸಿಝೆಡ್ 75’. ಕೌಟ್ಸ್‌ಕಿ ಸಹೋದರರು ರೂಪಿಸಿ 1975ರಲ್ಲಿ ಬೆಳಕು ಕಂಡ ಉಕ್ಕಿನ ಪಿಸ್ತೂಲು. ಅದಾದ ಕೆಲವೇ ವರ್ಷಗಳಿಗೆ, 1980ರ ದಶಕದ ಆರಂಭದಲ್ಲಿ, ನೆರೆಯ ಆಸ್ಟ್ರಿಯದಿಂದ ಗ್ಲಾಕ್ ಎಂಬ ಪಿಸ್ತೂಲು ಬಂದಿತು. ಅದರ ಹಿಡಿ, ಒಡಲು ಎಲ್ಲವೂ ಪ್ಲಾಸ್ಟಿಕ್ ಜಾತಿಯ ವಸ್ತು. ಗುಂಡು ತುಂಬದಾಗ ತೂಕ ಸುಮಾರು 700 ಗ್ರಾಂ. ಹಗಲಿರುಳು ಸೊಂಟಕ್ಕೆ ಕಟ್ಟಿಕೊಂಡು ತಿರುಗಬೇಕಾದ ಪೊಲೀಸರಿಗೂ ಸಿಪಾಯಿಗಳಿಗೂ ಈ ಹಗುರ ಹಿತವಾಗಿ ಕಂಡಿತು. ಉಕ್ಕಿನ ಕಾಲ ಮುಗಿಯಿತೆಂದೇ ಹಲವರು ತಿಳಿದರು. ಆದರೆ ಸ್ಪರ್ಧೆಯ ಅಂಗಳದಲ್ಲಿ ಗಾಳಿ ತಿರುಗಿ ಬೀಸಿತು. ಅಲ್ಲಿ ಪಿಸ್ತೂಲನ್ನು ಹೊತ್ತು ತಿರುಗುವವರಿಲ್ಲ, ಹೊಡೆಯುವವರು ಮಾತ್ರ. ಜರ್ಮನಿಯ ವಾಲ್ಥರ್, ಇಟಲಿಯ ಬೆರೆಟ್ಟ ಕಾರ್ಖಾನೆಗಳೂ ಸ್ಪರ್ಧೆಗಾಗಿ ಉಕ್ಕಿನ ಒಡಲಿಗೆ ಮರಳಿದುವು. ಸಿಗ್ ಸಾವರ್ ಎಂಬ ಇನ್ನೊಂದು ಕಾರ್ಖಾನೆಯಂತೂ ಪ್ಲಾಸ್ಟಿಕ್ಕನ್ನು ಬಿಡಲೊಲ್ಲದೆ, ಭಾರ ಬರಲೆಂದು ಅದರೊಳಗೆ ಟಂಗ್‌ಸ್ಟನ್ ಲೋಹದ ಪುಡಿಯನ್ನು ಬೆರೆಸಿತು! ಹಗುರ ಮಾಡುವುದಕ್ಕಾಗಿ ತಂದ ವಸ್ತುವಿಗೆ ಭಾರ ತುಂಬುವ ಈ ವಿಚಿತ್ರವನ್ನು ಕೇಳಿ ನನಗೆ ನಗು ಬಂದಿತು.

‘ಅಷ್ಟು ಭಾರ ಯಾಕಪ್ಪಾ?’ ಎಂದು ಕೇಳಿದೆ. ಶಿಷ್ಯ ಗುರುವಾದ. ಗುಂಡು ಮುಂದಕ್ಕೆ ಹಾರುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ಗುಂಡು ಎಷ್ಟು ಸಂವೇಗವನ್ನು ಒಯ್ಯುತ್ತದೆಯೋ ಅಷ್ಟನ್ನು ಪಿಸ್ತೂಲಿಗೂ ಕೊಟ್ಟು ಹೋಗುತ್ತದೆ, ಇದರಲ್ಲಿ ರಿಯಾಯಿತಿಯಿಲ್ಲ. ಆದರೆ ಪಿಸ್ತೂಲಿನ ತೂಕ ಇಮ್ಮಡಿಯಾದರೆ ಅದು ಹಿಂದೆ ಸರಿಯುವ ವೇಗ ಅರ್ಧವಾಗುತ್ತದೆ. ಒದೆತದ ಶಕ್ತಿಯೂ ಅರ್ಧವಾಗುತ್ತದೆ. ಅಲ್ಲದೆ ನಳಿಗೆ ಮೇಲಿದೆ, ಹಿಡಿದ ಕೈ ಕೆಳಗಿದೆ. ಆದ್ದರಿಂದ ಪ್ರತಿ ಗುಂಡಿಗೂ ನಳಿಗೆಯ ಬಾಯಿ ಮೇಲಕ್ಕೆ ಚಿಮ್ಮುತ್ತದೆ. ಹೊಸ ಪಿಸ್ತೂಲಿನಲ್ಲಿ ಕೈ ಇನ್ನಷ್ಟು ಮೇಲೇರಿ ನಳಿಗೆಗೆ ಸಮೀಪವಾಗುವಂತೆ ಹಿಡಿಯನ್ನು ಕೊರೆದಿದ್ದಾರೆ. ಭಾರವನ್ನು ನಳಿಗೆಯ ಬಾಯಿಯ ಕಡೆಗೆ ಸರಿಸಿದ್ದಾರೆ. ಚಿಮ್ಮುವುದು ಕಡಮೆಯಾಯಿತು, ಕಣ್ಣು ಎರಡನೆಯ ಗುರಿಯನ್ನು ಬೇಗ ಕಂಡಿತು.

ಇದಿಷ್ಟೂ ಲೆಕ್ಕ. ಲೆಕ್ಕ ಮುಗಿದ ಮೇಲೆ ಅಭಿಪ್ರಾಯ ಆರಂಭವಾಗುತ್ತದೆ. ಕೂಟದ ರಸಿಕರು ಮೂರು ಪಂಗಡವಾದರಂತೆ. ಮೊದಲನೆಯವರು ಭಾರದ ಪಕ್ಷ: ಈ ಉಕ್ಕು ಕೈಯಲ್ಲಿ ನಿಂತ ನೀರಿನಂತೆ ನಿಲ್ಲುತ್ತದೆ, ಗುಂಡು ಹಾರಿದ ಮೇಲೂ ಗುರಿಯನ್ನು ಬಿಡುವುದಿಲ್ಲ ಎಂದರು. ಎರಡನೆಯವರು ಹಗುರದ ಪಕ್ಷ: ಸ್ಪರ್ಧೆಯಲ್ಲಿ ಒಂದೇ ಗುರಿಯೆದುರು ನಿಂತಿರುವುದಿಲ್ಲ, ಎಡಕ್ಕೆ ಬಲಕ್ಕೆ ತಿರುಗಬೇಕು, ಓಡಬೇಕು. ಭಾರವಾದುದನ್ನು ತಿರುಗಿಸುವುದು ಕಷ್ಟ, ತಿರುಗಿದ ಮೇಲೆ ನಿಲ್ಲಿಸುವುದು ಇನ್ನೂ ಕಷ್ಟ. ಸಂಜೆಯ ವೇಳೆಗೆ ತೋಳು ಸೋಲುತ್ತದೆ ಎಂದರು. ಮೂರನೆಯವರು ಹಿರಿಯರು, ಮಾತು ಕಡಮೆ: ಹೊಸ ಪಿಸ್ತೂಲಿಗೆ ಸುರಿಯುವ ಹಣಕ್ಕೆ ಗುಂಡು ಕೊಂಡು ಹಳೆಯದರಲ್ಲಿಯೇ ಅಭ್ಯಾಸ ಮಾಡಿರಿ, ತೂಕವನ್ನು ಅಂಗಡಿಯಲ್ಲಿ ಕೊಳ್ಳಬಹುದು, ಕೈಯನ್ನು ಕೊಳ್ಳಲಾಗದು ಎಂದರು.

ಕೇಳುತ್ತಿದ್ದಂತೆ ನನಗೆ ನನ್ನ ಛಂದಸ್ಸಿನ ಪಾಠ ನೆನಪಾಯಿತು. ಗುರು ಎಂದರೆ ಭಾರವಾದುದು. ಅದರಿಂದ ಗೌರವ ಬಂದಿತು. ಲಘು ಎಂದರೆ ಹಗುರವಾದುದು. ಅದರಿಂದ ಲಾಘವ ಬಂದಿತು. ಬಿಲ್ಲಾಳನ್ನು ಹೊಗಳುವಾಗ ಹಸ್ತಲಾಘವ ಎಂಬ ಮಾತು ತಾನಾಗಿ ನಾಲಗೆಗೆ ಬರುತ್ತದೆ. ಗೌರವವೂ ಹೊಗಳಿಕೆಯೇ, ಲಾಘವವೂ ಹೊಗಳಿಕೆಯೇ. ಬರಿಯ ಗುರುಗಳಿಂದ ಷಟ್ಪದಿ ನಡೆಯದು, ಬರಿಯ ಲಘುಗಳಿಂದಲೂ ನಡೆಯದು. ಬ್ರನೋ ನಗರದ ಗುರಿಕಾರರು ತಿಳಿಯದೆಯೇ ನಮ್ಮ ಹಳೆಯ ಚರ್ಚೆಯನ್ನೇ ನಡೆಸುತ್ತಿದ್ದರು.

ಆದರೆ ನನ್ನನ್ನು ನಿಜವಾಗಿ ತಟ್ಟಿದುದು ಅವರು ಹೇಳಿದ ಅಭಿಪ್ರಾಯವಲ್ಲ, ಹೇಳಿದ ರೀತಿ. ಅಲ್ಲಿ ಯಾರಾದರೂ ‘ಇದು ಚೆನ್ನಾಗಿದೆ’ ಎಂದರೆ ಕೂಡಲೇ ಪ್ರಶ್ನೆ ಬರುತ್ತದೆಯಂತೆ: ಎಷ್ಟು ಗುಂಡು ಹಾರಿಸಿ ಈ ಮಾತನ್ನು ಹೇಳುತ್ತಿದ್ದೀರಿ? ನಿಮ್ಮ ಕೈ ದೊಡ್ಡದೋ ಚಿಕ್ಕದೋ? ಮೊದಲು ಯಾವುದನ್ನು ಬಳಸುತ್ತಿದ್ದಿರಿ? ಹಣ ಕೊಟ್ಟು ಕೊಂಡಿರೋ, ಅಂಗಡಿಯಲ್ಲಿ ಎತ್ತಿ ನೋಡಿದಿರೋ? ಇವಕ್ಕೆ ಉತ್ತರವಿಲ್ಲದವನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಹಣ ಕೊಟ್ಟವನ ಹೊಗಳಿಕೆಯನ್ನೂ ಅವರು ಸ್ವಲ್ಪ ಸಂಶಯದಿಂದಲೇ ಕೇಳುತ್ತಾರೆ. ಕೊಂಡ ವಸ್ತುವಿನಲ್ಲಿ ದೋಷ ಕಾಣುವುದು ಮನುಷ್ಯನಿಗೆ ಸುಲಭವಲ್ಲವಷ್ಟೆ. ಇಷ್ಟು ಹೇಳಿ ಶಿಷ್ಯ ಮೆಲ್ಲನೆ ಕೇಳಿದ: ‘ಮೇಷ್ಟ್ರೇ, ನಮ್ಮಲ್ಲಿ ಪುಸ್ತಕದ ವಿಮರ್ಶೆ ಬರೆಯುವವರಿಗೂ ಯಾರಾದರೂ ಹೀಗೆ ಕೇಳುತ್ತಾರೆಯೆ?’

ಅವನಿಗೆ ನನ್ನ ಕಥೆ ತಿಳಿಯದು. ಹದಿನೈದು ವರ್ಷಗಳ ಹಿಂದೆ ನಾನು ಒಂದು ಪತ್ರಿಕೆಗಾಗಿ ತರುಣ ಕವಿಯೊಬ್ಬರ ಮೊದಲ ಸಂಕಲನವನ್ನು ವಿಮರ್ಶಿಸಿದ್ದೆ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಕವನಗಳಿದ್ದುವು. ನಾನು ಓದಿದುದು ಮುನ್ನುಡಿ, ಮೊದಲ ಏಳು ಕವನ, ಕೊನೆಯದೊಂದು. ‘ಒಟ್ಟಿನಲ್ಲಿ ಹಗುರವಾದ ಪದ್ಯಗಳು’ ಎಂದು ಬರೆದು ಕಳುಹಿಸಿ ನಿಶ್ಚಿಂತನಾದೆ. ಎರಡು ವರ್ಷಗಳ ತರುವಾಯ ಮದುವೆಯ ಮನೆಯೊಂದರಲ್ಲಿ ಆ ಕವಿ ಎದುರಾದರು. ಕೋಪವಿಲ್ಲ, ವ್ಯಂಗ್ಯವಿಲ್ಲ. ‘ಯಾವ ಪದ್ಯ ಹಗುರ ಎಂದು ತಿಳಿಸಿದ್ದರೆ ತಿದ್ದಿಕೊಳ್ಳುತ್ತಿದ್ದೆ ಸಾರ್’ ಎಂದರು. ಒಂದು ಪದ್ಯದ ಹೆಸರೂ ನನ್ನ ನೆನಪಿಗೆ ಬರಲಿಲ್ಲ. ಊಟದ ಪಂಕ್ತಿಗೆ ಕರೆ ಬಂದುದೇ ನೆಪವಾಗಿ ತಪ್ಪಿಸಿಕೊಂಡೆ. ಆಮೇಲೆ ಅವರ ಎರಡನೆಯ ಸಂಕಲನ ಬಂದುದನ್ನು ನಾನು ಕಾಣೆ. ಅದಕ್ಕೆ ನನ್ನ ವಿಮರ್ಶೆಯೇ ಕಾರಣವೆಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಅಲ್ಲವೆಂದು ಹೇಳುವಷ್ಟು ಧೈರ್ಯವೂ ಇಲ್ಲ.

ಕೊಲ್ಲುವ ಆಯುಧವನ್ನು ಕಾವ್ಯದ ಪಕ್ಕದಲ್ಲಿ ಇರಿಸುವುದು ಸರಿಯೆ ಎಂದು ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ಉಕ್ಕಿನ ಒಡಲು, ಕುದುರೆಯ ನಯ, ಹಿಡಿಯ ಅಂದ ಎಂದು ವರ್ಣಿಸುತ್ತ ಹೋದಂತೆ ಅದು ಏನು ಮಾಡಬಲ್ಲುದೆಂಬುದನ್ನು ಮರೆಯುವ ಅಪಾಯ ಉಂಟು. ರಸಿಕತೆಗೆ ಈ ಮರೆವು ಸಹಜ. ಆದರೆ ಅವರ ಆಟದ ನಿಯಮ ಮಾತ್ರ ಮರೆಯುವುದಿಲ್ಲ. ಗುರಿ ರಟ್ಟಿನದು, ಇಲ್ಲವೆ ಲೋಹದ ಹಲಗೆ. ನಳಿಗೆಯ ಬಾಯಿ ಗೊತ್ತಾದ ದಿಕ್ಕನ್ನು ಮೀರಿ ತಿರುಗಿದರೆ, ಪಿಸ್ತೂಲು ಕೈಜಾರಿ ಬಿದ್ದರೆ, ಗುಂಡು ಅಜಾಗರೂಕತೆಯಿಂದ ಹಾರಿದರೆ ಆ ಸ್ಪರ್ಧಿ ಇಡೀ ಸ್ಪರ್ಧೆಯಿಂದಲೇ ಹೊರಗೆ. ಯಾರಿಗೂ ಗಾಯವಾಗಲಿಲ್ಲವೆಂಬ ಸಮಾಧಾನ ಅಲ್ಲಿ ಸಲ್ಲದು. ನಮ್ಮ ಸಾಹಿತ್ಯದ ಅಂಗಳದಲ್ಲಿ ಇಂಥ ನಿಯಮವಿಲ್ಲ. ಗುರಿ ನೋಡದೆ ಹಾರಿಸಿದ ಮಾತು ಯಾರಿಗೋ ತಾಗಿದರೂ ಹಾರಿಸಿದವನು ಮುಂದಿನ ಭಾನುವಾರ ಮತ್ತೆ ಅದೇ ಪುಟದಲ್ಲಿ ನಿಂತಿರುತ್ತಾನೆ. ನಾನೂ ನಿಂತಿದ್ದೆ.

ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ಸಂಸ್ಥಾನದಲ್ಲಿ ಹುಟ್ಟಿತು. ಅದರ ಧ್ಯೇಯವಾಕ್ಯ ಮೂರು ಲ್ಯಾಟಿನ್ ಪದ: ಡಿಲಿಜೆಂಶಿಯ, ವಿಸ್, ಸೆಲೆರಿಟಾಸ್. ನಿಖರತೆ, ಶಕ್ತಿ, ವೇಗ ಎಂದು ಅವರ ಅರ್ಥ. ಶ್ಯಾಡೋ ಪಿಸ್ತೂಲಿನವರು ಆಡುವ ವರ್ಗದಲ್ಲಿ ರಟ್ಟಿನ ನಡುಭಾಗಕ್ಕೆ ತಾಗಿದರೆ 5 ಅಂಕ, ಅದರಾಚೆಗೆ 3, ಅಂಚಿಗೆ 1. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬೇಗ ಹೊಡೆದವನೂ ಗೆಲ್ಲಲಾರ, ಸರಿಯಾಗಿ ಹೊಡೆದವನೂ ಗೆಲ್ಲಲಾರ. ಎರಡೂ ಕೂಡಿದವನು ಗೆಲ್ಲುತ್ತಾನೆ. ಕುತೂಹಲದಿಂದ ನಿಘಂಟು ತೆರೆದು ನೋಡಿದೆ. ಅವರು ನಿಖರತೆ ಎಂದು ಹೇಳುವ ಆ ಮೊದಲ ಪದದ ಮೂಲಾರ್ಥ ಶ್ರದ್ಧೆ, ಎಚ್ಚರದ ಆಸ್ಥೆ. ಅದರ ಧಾತುವಿಗೆ ಆದರಿಸು, ಪ್ರೀತಿಸು ಎಂಬ ಅರ್ಥವಿದೆ. ಆದರವಿಲ್ಲದ ಕಡೆ ನಿಖರತೆ ಇರದು ಎಂದು ಆ ಭಾಷೆ ಎಂದೋ ತೀರ್ಮಾನಿಸಿದಂತಿದೆ.

ಅಭಿಪ್ರಾಯ ಎಲ್ಲರಿಗೂ ಇರಬಹುದು. ಅದಕ್ಕೆ ತೂಕ ಬರುವುದು ಹೇಳಿದವನು ಆ ವಸ್ತುವಿನೊಡನೆ ಕಳೆದ ಹೊತ್ತಿನಿಂದ. ಪಿಸ್ತೂಲಾದರೂ ಪದ್ಯವಾದರೂ ಈ ಮಾತು ಒಂದೇ. ಪುಸ್ತಕ ವಿಮರ್ಶೆಯ ಕೊನೆಗೆ ‘ನಾನು ಇದನ್ನು ಪೂರ್ತಿಯಾಗಿ, ಇಷ್ಟು ಸಲ ಓದಿದ್ದೇನೆ’ ಎಂಬ ಒಂದು ಸಾಲನ್ನು ವಿಮರ್ಶಕ ಬರೆಯಬೇಕೆಂಬ ಪದ್ಧತಿ ಬಂದರೆ ಅರ್ಧದಷ್ಟು ವಿಮರ್ಶೆಗಳು ನಿಂತುಹೋಗಬಹುದು. ಉಳಿದರ್ಧ ಉಪಯೋಗಕ್ಕೆ ಬರುತ್ತದೆ.

ಶಿಷ್ಯ ಬ್ರನೋಗೆ ಹಿಂದಿರುಗಿದ. ಅವನು ಹೊಸ ಪಿಸ್ತೂಲು ಕೊಂಡನೆ ಎಂದು ಕೇಳಲು ಮರೆತೆ. ಆ ರಾತ್ರಿ ಕಪಾಟಿನ ಮೇಲುಹಲಗೆಯಿಂದ ಆ ಹಳೆಯ ಸಂಕಲನವನ್ನು ಇಳಿಸಿ, ದೂಳು ಕೊಡವಿ, ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಕೆಲವು ಪದ್ಯಗಳು ಹಗುರವೇ. ಅಷ್ಟರ ಮಟ್ಟಿಗೆ ನನ್ನ ಮಾತು ತಪ್ಪಲ್ಲ. ಆದರೆ ಆ ದಿನ ನಾನು ತೆರೆಯದೆ ಬಿಟ್ಟ ಪುಟಗಳಲ್ಲಿ ಐದಾರು ಪದ್ಯಗಳಿವೆ. ಅಲ್ಲಿರುವುದು ಹಗುರವಲ್ಲ, ಲಾಘವ. ಪದ್ಯದ ಹೆಸರು, ಪುಟದ ಸಂಖ್ಯೆ ಸಹಿತವಾಗಿ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಕವಿಗೆ ಕಳುಹಿಸಿದ್ದೇನೆ. ವಿಳಾಸ ಹಳೆಯದು, ತಲಪಿದರೆ ನನ್ನ ಪುಣ್ಯ.