ಧರ್ಮಕ್ಕೆ ಬಂದದ್ದಲ್ಲ

ಮನೆ ತೆರಿಗೆಯ ಚಲನನ್ನು ನೀವು ಎಂದಾದರೂ ಪೂರ್ತಿ ಓದಿದ್ದೀರಾ? ಹೆಚ್ಚಿನ ಮನೆಗಳಲ್ಲಿ ಅದನ್ನು ತುಂಬಿಸುವವರು ಗಂಡಸರು, ಕಟ್ಟಿ ಬರುವವರೂ ಅವರೇ. ಏಪ್ರಿಲ್‌ನಲ್ಲೇ ಕಟ್ಟಿದರೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ ಎಂಬ ಮಾತು ಮಾತ್ರ ಅಡುಗೆ ಮನೆಯ ತನಕ ಬರುತ್ತದೆ, ಯಾಕೆಂದರೆ ಆ ತಿಂಗಳ ಖರ್ಚಿಗೆ ಕತ್ತರಿ ಬೀಳುವುದು ಅಲ್ಲೇ. ಒಮ್ಮೆ ಆ ಕಾಗದವನ್ನು ಕೈಗೆತ್ತಿಕೊಂಡು ಕೆಳಗಿನ ಸಾಲುಗಳನ್ನು ನೋಡಿ. ಕಟ್ಟಡದ ತೆರಿಗೆಯ ಬಾಲಕ್ಕೆ ಕೆಲವು ಉಪಕರಗಳು ಅಂಟಿಕೊಂಡಿವೆ. ಅವುಗಳಲ್ಲಿ ಭಿಕ್ಷುಕರ ಲೆಕ್ಕಕ್ಕೆ ನೂರಕ್ಕೆ ಮೂರು, ಗ್ರಂಥಾಲಯದ ಲೆಕ್ಕಕ್ಕೆ ನೂರಕ್ಕೆ ಆರು. ಸರಕಾರದ ಪುಸ್ತಕದಲ್ಲಿ ಭಿಕ್ಷುಕರೂ ಓದುಗರೂ ಹೀಗೆ ಅಕ್ಕಪಕ್ಕದಲ್ಲೇ ಕೂತಿದ್ದಾರೆ.

ವರ್ಷಕ್ಕೆ 3,000 ರೂಪಾಯಿ ತೆರಿಗೆಯ ಒಂದು ಸಾಧಾರಣ ಮನೆಯೆಂದಿಟ್ಟುಕೊಳ್ಳಿ. ಗ್ರಂಥಾಲಯದ ಪಾಲು 180 ರೂಪಾಯಿ. ಹತ್ತು ವರ್ಷಕ್ಕೆ 1,800. ಬಾಡಿಗೆ ಮನೆಯಲ್ಲಿರುವವರು ತಾವು ಇದರಿಂದ ಹೊರಗೆಂದು ತಿಳಿಯಬೇಕಾಗಿಲ್ಲ. ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸದೆ ಬಿಡುವ ಮಾಲಿಕರನ್ನು ನಾನಂತೂ ಕಂಡಿಲ್ಲ. ಅಂದರೆ ಪುಸ್ತಕ ಓದುವವರು, ಓದದವರು, ಗ್ರಂಥಾಲಯ ಎಲ್ಲಿದೆಯೆಂದೇ ಅರಿಯದವರು ಎಲ್ಲರೂ ಸೇರಿ ಅದನ್ನು ಸಾಕುತ್ತಿದ್ದೇವೆ. ಹೀಗಿದ್ದೂ ಅದರ ಹೆಸರು ‘ಉಚಿತ’ ಗ್ರಂಥಾಲಯ!

ಈ ‘ಉಚಿತ’ ಎಂಬ ಮಾತಿನ ಮೇಲೆಯೇ ನನ್ನ ಸಿಟ್ಟು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲೊಂದು ಗಾದೆ ಉಂಟಲ್ಲ, ಅದನ್ನು ನಮ್ಮ ಬಾಯಿಗೆ ಬೀಗವಾಗಿ ಹಾಕಿದ್ದಾರೆ. ಪುಸ್ತಕ ಹಳತಾಯಿತೇ? ಉಚಿತ ತಾನೇ, ಸುಮ್ಮನಿರಿ. ಫ್ಯಾನು ತಿರುಗುವುದಿಲ್ಲವೇ? ಹೆಂಗಸರಿಗೆ ಶೌಚಾಲಯ ಇಲ್ಲವೇ? ಉಚಿತ ತಾನೇ. ಆದರೆ ಈ ದಟ್ಟಿ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ, ನಾವೇ ದುಡ್ಡು ತೆತ್ತು ಕೊಂಡದ್ದು. ಹಿತ್ತಲಿಗೆ ಯಾಕೆ ಹೋಗಬೇಕು? ಅಂಗಳದಲ್ಲೇ ನಿಂತು ಮೊಳ ಹಾಕಬಹುದು.

ಈ ಏರ್ಪಾಟು ಇಂದು ನಿನ್ನೆಯದಲ್ಲ. ಭಾರತದ ಗ್ರಂಥಾಲಯ ಚಳುವಳಿಯ ಪಿತಾಮಹ ಎಸ್.ಆರ್. ರಂಗನಾಥನ್ 1917ರಲ್ಲಿ ಗಣಿತದ ಮೇಷ್ಟ್ರಾಗಿ ಮೊದಲು ಕೆಲಸಕ್ಕೆ ಸೇರಿದ್ದು ಇದೇ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಮುಂದೆ ಅವರ ಪ್ರಯತ್ನದಿಂದಲೇ 1948ರಲ್ಲಿ ಮದ್ರಾಸು ಪ್ರಾಂತದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸಿನ ಭಾಗವೇ ಆಗಿತ್ತು. ಏಕೀಕರಣದ ಬಳಿಕ 1965ರಲ್ಲಿ ನಮ್ಮ ರಾಜ್ಯದ ಕಾಯಿದೆ ಆಯಿತು. ರಂಗನಾಥನ್ ಅವರ ಹಟ ಒಂದೇ: ಗ್ರಂಥಾಲಯ ದಾನಿಗಳ ಕೃಪೆಯಲ್ಲಿ ಬದುಕಬಾರದು, ಅದಕ್ಕೆ ಕಾಯಿದೆಯ ಬಲ ಬೇಕು, ತನ್ನದೇ ಆದ ಹಣ ಬೇಕು. ಉಪಕರ ಹುಟ್ಟಿದ್ದು ಹೀಗೆ.

ಕಾಯಿದೆಯ ಮೇಲ್ಪಂಕ್ತಿ ಚೆನ್ನಾಗಿಯೇ ಇದೆ. ನಗರಕ್ಕೊಂದು ಗ್ರಂಥಾಲಯ ಪ್ರಾಧಿಕಾರ, ಅದಕ್ಕೆ ಮೇಯರ್ ಅಧ್ಯಕ್ಷರು. ತೆರಿಗೆಯ ಜೊತೆ ಉಪಕರವನ್ನು ವಸೂಲು ಮಾಡುವುದು ಪಾಲಿಕೆ. ವಸೂಲಾದದ್ದನ್ನು ಅದು ಪ್ರಾಧಿಕಾರದ ನಿಧಿಗೆ ದಾಟಿಸಬೇಕು. ಪುಸ್ತಕ, ಪತ್ರಿಕೆ, ಕಟ್ಟಡ, ದೀಪ, ಕುರ್ಚಿ ಎಲ್ಲಕ್ಕೂ ಆಸರೆ ಅದೇ. ನಮ್ಮ ಹಣ ಎರಡು ಕೈ ದಾಟಬೇಕು ಅಷ್ಟೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಬೆಂಗಳೂರಿನಲ್ಲಿ ಮಹಾನಗರ ಪಾಲಿಕೆ ಜನರಿಂದ ವಸೂಲು ಮಾಡಿಯೂ ಗ್ರಂಥಾಲಯಗಳಿಗೆ ಕೊಡದೆ ಉಳಿಸಿಕೊಂಡ ಬಾಕಿ ನೂರಾರು ಕೋಟಿಗೆ ಏರಿದ್ದನ್ನು ಪತ್ರಿಕೆಗಳು ವರ್ಷ ವರ್ಷವೂ ಬರೆದಿವೆ. ಚರಂಡಿಗೆಂದು ಕೊಟ್ಟ ಹಣ ರಸ್ತೆಗೆ ಹೋದರೆ ಊರಿಡೀ ಗದ್ದಲ. ಪುಸ್ತಕಕ್ಕೆಂದು ಕೊಟ್ಟ ಹಣ ಎಲ್ಲಿಯೋ ನಿಂತರೆ ಗಂಟಲು ಏರಿಸುವವರು ಯಾರು?

ಕೇಳಲು ಹೋದರೆ ಸಿಗುವ ಉತ್ತರವೂ ಗೊತ್ತು. ಒಂದು ಕಚೇರಿಯ ಕಿಟಕಿಯಲ್ಲಿ, ಈ ಆರು ರೂಪಾಯಿಯ ಲೆಕ್ಕ ಎಲ್ಲಿ ಸಿಗುತ್ತದೆಂದು ನಾನು ವಿಚಾರಿಸಿದೆ. “ಅದು ನಮ್ಮಲ್ಲಿ ಅಲ್ಲ ಅಮ್ಮ, ಆ ಕಡೆ ಕೇಳಿ” ಎಂದರು. ಆ ಕಡೆಯವರು ನಕ್ಕು, “ನೂರೆಂಬತ್ತು ರೂಪಾಯಿಗೆ ಇಷ್ಟು ತಲೆಬಿಸಿ ಯಾಕೆ ಅಕ್ಕಾ?” ಎಂದು ಕೇಳಿದರು. ಮೀನಿನ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗೆ ಚೌಕಾಶಿ ಮಾಡುವ ಹೆಂಗಸರೆಂದು ನಮ್ಮನ್ನು ಗೇಲಿ ಮಾಡುವವರೂ ಇವರೇ. ನೂರೆಂಬತ್ತಕ್ಕೆ ಲೆಕ್ಕ ಕೇಳಿದರೆ ತಲೆಬಿಸಿ!

ಇನ್ನು ಪುಸ್ತಕಗಳ ಆಯ್ಕೆ. ಹೆಚ್ಚಿನ ಪುಸ್ತಕಗಳು ಬರುವುದು ರಾಜ್ಯ ಮಟ್ಟದ ಸಗಟು ಖರೀದಿಯಿಂದ, ಪುಟಕ್ಕೆ ಇಷ್ಟು ಎಂದು ದರ ಕಟ್ಟಿ. ಪುಟ ಲೆಕ್ಕ ಹಾಕಿ ಕೊಳ್ಳುವವರಿಗೆ, ಅದನ್ನು ಯಾರು ಓದುತ್ತಾರೆಂಬ ಚಿಂತೆ ಯಾಕಿರಬೇಕು? ಹಣ ಕೊಡುವ ನಮ್ಮನ್ನು ‘ನಿಮಗೆ ಯಾವ ಪುಸ್ತಕ ಬೇಕು’ ಎಂದು ಕೇಳುವ ಪದ್ಧತಿಯೇ ಇಲ್ಲ. ಮದುವೆಗೆ ಸೀರೆ ಆರಿಸುವಾಗಲಾದರೂ ಉಡುವವಳನ್ನು ಒಂದು ಮಾತು ಕೇಳುತ್ತಾರೆ.

ನಾನಿರುವುದು ಪಂಪ್‌ವೆಲ್‌ನ ಹತ್ತಿರ. ಇಲ್ಲಿನ ಮೇಲ್ಸೇತುವೆ ಹತ್ತು ವರ್ಷ ಕುಂಟಿ, 2020ರ ಜನವರಿ ಕೊನೆಯ ದಿನ ತೆರೆಯಿತು. ಆ ಹತ್ತು ವರ್ಷ ಊರಿಗೆ ಊರೇ ಅದನ್ನು ಆಡಿಕೊಂಡು ನಕ್ಕಿತು, ಬೈಯಿತು, ಪ್ರತಿಭಟಿಸಿತು. ಕೊನೆಗೆ ಅದು ಮುಗಿದದ್ದರಲ್ಲಿ ಆ ನಗೆಯ ಪಾಲೂ ಇದೆ. ಗ್ರಂಥಾಲಯದ ಬಗ್ಗೆ ಒಬ್ಬರಾದರೂ ಒಂದು ನಗೆ ಚಟಾಕಿ ಹಾರಿಸಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಸಿಕ್ಕಿಬಿದ್ದದ್ದು ವಾಹನಗಳಲ್ಲವಲ್ಲ.

ನಗರದ ಕೇಂದ್ರ ಗ್ರಂಥಾಲಯ ಇರುವುದು ಬಾವುಟಗುಡ್ಡೆಯಲ್ಲಿ. ಪಂಪ್‌ವೆಲ್‌ನಿಂದ ಬಸ್ಸು ಹಿಡಿದು ಕಂಕನಾಡಿ ದಾಟಿ, ಜ್ಯೋತಿಯಲ್ಲಿಳಿದು ಗುಡ್ಡ ಹತ್ತಬೇಕು. 2023ರ ಜೂನ್‌ನಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಹೀಗಾಗಿ ಒಂದು ‘ಉಚಿತ’ ಪುಸ್ತಕ ತರಲು ಹೋಗಿಬರುವ ಬಸ್ಸಿನ ದುಡ್ಡು, ಅದನ್ನು ಹಿಂತಿರುಗಿಸಲು ಮತ್ತೊಮ್ಮೆ. ಅದಕ್ಕೂ ಹೆಚ್ಚಿನ ಬೆಲೆ ಸಮಯದ್ದು. ಮಕ್ಕಳು ಶಾಲೆಗೆ ಹೋದ ಮೇಲೆ, ಅನ್ನ ಸಾರು ಇಳಿಸಿ, ಅತ್ತೆಗೆ ಮದ್ದು ಕೊಟ್ಟು, ಮಕ್ಕಳು ಬರುವ ಮೊದಲು ಸಿಗುವ ಎರಡು ಗಂಟೆಯಲ್ಲಿ ಗುಡ್ಡ ಹತ್ತಿ ಇಳಿದು ಬರಲು ಸಾಧ್ಯವಿಲ್ಲ. ಹೆಂಗಸರು ಓದುವುದಿಲ್ಲ, ಧಾರಾವಾಹಿ ನೋಡುತ್ತಾರೆ ಎನ್ನುವವರಿಗೆ ನಾನು ಹೇಳುವುದು: ಟೀವಿ ಮನೆಯೊಳಗೇ ಇದೆ, ಪುಸ್ತಕವನ್ನು ಗುಡ್ಡದ ಮೇಲೆ ಇಟ್ಟದ್ದು ಯಾರು?

“ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ, ಗ್ರಂಥಾಲಯ ಯಾರಿಗೆ ಬೇಕು?” ಎಂಬ ಮಾತು ದೊಡ್ಡ ಮನೆಗಳಿಂದ ಬರುತ್ತದೆ. ಪುಸ್ತಕ ಕೊಳ್ಳಬಲ್ಲವರು, ಮಕ್ಕಳಿಗೆ ಪ್ರತ್ಯೇಕ ಕೋಣೆ ಕೊಡಬಲ್ಲವರು ಹಾಗೆ ಹೇಳಲಿ. ಎರಡು ಕೋಣೆಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ ಎಲ್ಲಿ ಕೂರಬೇಕು? ಹೋಟೆಲಿನಲ್ಲಿ ಕೂತರೆ ಚಹಾ ತರಿಸಬೇಕು. ಪಾರ್ಕಿನಲ್ಲಿ ಒಬ್ಬಳೇ ಕೂತರೆ ಹತ್ತು ಕಣ್ಣು ಅವಳ ಮೇಲೆ. ಏನನ್ನೂ ಕೊಳ್ಳದೆ, ಯಾರಿಗೂ ಕಾರಣ ಹೇಳದೆ, ಹೆಣ್ಣೊಬ್ಬಳು ಮೂರು ಗಂಟೆ ಸುಮ್ಮನೆ ಕೂರಬಹುದಾದ ಜಾಗ ಊರಿನಲ್ಲಿ ಬೇರೆ ಯಾವುದಿದೆ, ಹೇಳಿ.

ನಮ್ಮ ಊರಿನಲ್ಲೇ ಬಾಳಿ 2023ರಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರಿಗೆ ಒಂದು ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಹೆಚ್ಚಿನ ಓದಿಗೆ ಅಡ್ಡಿಯಿದ್ದ ಹೆಣ್ಣಿಗೆ ಆ ಸದಸ್ಯತ್ವವೇ ಕಾಲೇಜು. ‘ಚಂದ್ರಗಿರಿಯ ತೀರದಲ್ಲಿ’ ಬರೆಯುವ ಮೊದಲು ಅವರು ಓದುಗಿಯಾಗಬೇಕಿತ್ತು. ಇಂದು ಯಾವ ಗಲ್ಲಿಯ ಯಾವ ಮನೆಯಲ್ಲಿ ಅಂಥವಳೊಬ್ಬಳು ಕಾಯುತ್ತಿದ್ದಾಳೋ!

ದೂರದ ದೇಶದ ಮಾತು ಬೇಡ. ಪಂಪ್‌ವೆಲ್‌ನಿಂದ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಕಳೆದರೆ ತಲಪಾಡಿ, ಅಲ್ಲಿಂದಾಚೆ ಕೇರಳ. ಅಲ್ಲಿ ಪಿ.ಎನ್. ಪಣಿಕ್ಕರ್ 1945ರಲ್ಲಿ 47 ಊರ ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. 1989ರ ಕಾಯಿದೆಯ ಪ್ರಕಾರ ಅಲ್ಲಿಯ ಲೈಬ್ರರಿ ಕೌನ್ಸಿಲಿಗೆ ತಾಲೂಕಿನಿಂದಲೇ ಚುನಾವಣೆ ನಡೆಯುತ್ತದೆ, ಗ್ರಂಥಾಲಯಗಳ ಪ್ರತಿನಿಧಿಗಳೇ ಮತ ಹಾಕುತ್ತಾರೆ. ಮನೆ ಮನೆಗೆ ಹೋಗಿ ಹೆಂಗಸರಿಗೆ ಪುಸ್ತಕ ಕೊಟ್ಟು ಬರುವ ಯೋಜನೆಯೂ ಇದೆ. ಅಲ್ಲಿ ಪಕ್ಷ ರಾಜಕೀಯ ಇಲ್ಲವೆಂದಲ್ಲ, ಧಾರಾಳ ಇದೆ. ಆದರೆ ಜಗಳವಾಡುವಷ್ಟು ತಮ್ಮದು ಎಂಬ ಭಾವನೆಯಾದರೂ ಇದೆಯಲ್ಲ! ನಮ್ಮಲ್ಲಿ ವರ್ಷಕ್ಕೊಬ್ಬರಂತೆ ಬದಲಾಗುವ ಮೇಯರಿಗೆ ತಾನು ಗ್ರಂಥಾಲಯದ ಅಧ್ಯಕ್ಷ ಎಂಬುದು ನೆನಪಾಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. 2025ರ ಫೆಬ್ರವರಿಯಲ್ಲಿ ಮಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯೂ ಮುಗಿಯಿತು. ಚುನಾವಣೆಯಾಗದೆ ಕಳೆಯುವ ದಿನಗಳಲ್ಲಿ ಉಪಕರವೇನೂ ನಿಲ್ಲುವುದಿಲ್ಲ, ಲೆಕ್ಕ ಕೇಳಬೇಕಾದ ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತದೆ.

ನಾನು ಕೇಳುವುದು ಹೆಚ್ಚೇನಲ್ಲ. ವರ್ಷ ವರ್ಷ ಎಷ್ಟು ವಸೂಲಾಯಿತು, ಎಷ್ಟು ದಾಟಿತು ಎಂದು ಗ್ರಂಥಾಲಯದ ಬಾಗಿಲಲ್ಲೇ ಹಲಗೆಯ ಮೇಲೆ ಬರೆಯಲಿ. ಪ್ರಾಧಿಕಾರದಲ್ಲಿ ಓದುವ ಹೆಂಗಸರಿಗೂ ಕುರ್ಚಿ ಇರಲಿ. ಬೇಕಾದ ಪುಸ್ತಕದ ಹೆಸರು ಬರೆಯಲು ಒಂದು ವಹಿ ಇರಲಿ, ಅದನ್ನು ಯಾರಾದರೂ ತೆರೆದು ನೋಡಲಿ. ಹೆಂಗಸರು ನಡೆದುಹೋಗುವ ದೂರದಲ್ಲಿ ಶಾಖೆಗಳು ಬರಲಿ.

ಇದನ್ನು ಕೇಳಲು ಹೊಸ ಕಾಯಿದೆ ಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯಿದೆ 2005ರಿಂದ ಇದೆ. ಒಂದು ಬಿಳಿ ಹಾಳೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ನೂರೈವತ್ತು ಪದ ಮೀರದ ಅರ್ಜಿ ಸಾಕು. ನಮ್ಮಲ್ಲಿ ಮಹಿಳಾ ಮಂಡಲಗಳಿವೆ, ಸ್ವಸಹಾಯ ಗುಂಪುಗಳಿವೆ, ಭಜನಾ ಮಂಡಳಿಗಳಿವೆ. ತಿಂಗಳ ಸಭೆಯಲ್ಲಿ ಉಳಿತಾಯದ ಪೈಸೆ ಪೈಸೆಗೂ ಲೆಕ್ಕ ಬರೆಯುವ ಕೈಗಳಿವೆ. ಮುಂದಿನ ಸಭೆಯಲ್ಲಿ ಆ ಕೈಗಳೇ ಮೂರು ಪ್ರಶ್ನೆ ಬರೆಯಲಿ: ನಮ್ಮಿಂದ ಎಷ್ಟು ತೆಗೆದುಕೊಂಡಿರಿ? ಅದರಲ್ಲಿ ಎಷ್ಟು ಗ್ರಂಥಾಲಯಕ್ಕೆ ಕೊಟ್ಟಿರಿ? ಉಳಿದದ್ದು ಎಲ್ಲಿದೆ?