ಮೊದಲನೆಯ ಅಂಕ

ದುರಂತ ನಾಟಕಗಳನ್ನು ಶಾಲೆಯಲ್ಲಿ ಮಕ್ಕಳಿಗೆ ಓದಿಸತಕ್ಕದ್ದೇ ಎಂದು ಕೆಲವರು ಗೃಹಸ್ಥರು ನಮ್ಮನ್ನು ಕೇಳುವುದುಂಟು. ಎಳೆಯ ಮನಸ್ಸಿಗೆ ಸಾವುನೋವುಗಳ ಕಥೆ ಏತಕ್ಕೆಂಬುದು ಅವರ ಶಂಕೆ. ಓದಿಸಬೇಕು, ಅದರಲ್ಲಿಯೂ ಮೊದಲನೆಯ ಅಂಕವನ್ನು ನಿಧಾನವಾಗಿ ಓದಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಇದನ್ನು ನಾವು ಕಲಿತದ್ದು ಒಬ್ಬ ವಿದ್ಯಾರ್ಥಿಯಿಂದ.

2001ನೆಯ ಇಸವಿ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದುವು. ಆಗ ನಾವು ಬಂಗಾರಪೇಟೆಯಲ್ಲಿ ವಾಸವಾಗಿದ್ದು, ಮಾರಿಕುಪ್ಪದ ರೈಲಿನಲ್ಲಿ ದಿನವೂ ಗಣಿಯ ಊರಿನ ಶಾಲೆಯೊಂದಕ್ಕೆ ಹೋಗಿಬರುತ್ತಿದ್ದೆವು. ಆ ಮಳೆಗಾಲದ ಶನಿವಾರಗಳಲ್ಲಿ, ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಮಾಸ್ತಿಯವರು ಷೇಕ್ಸ್‌ಪಿಯರನಿಂದ ಕನ್ನಡಿಸಿದ ‘ಲಿಯರ್ ಮಹಾರಾಜ’ವನ್ನು ಹತ್ತನೆಯ ತರಗತಿಯವರಿಗೆ ಓದಿ ಹೇಳುತ್ತಿದ್ದೆವು. ಮನೆಯಲ್ಲಿ ತಮಿಳು ಇಲ್ಲವೆ ತೆಲುಗು ಆಡುವ ಮಕ್ಕಳೇ ಹೆಚ್ಚು. ಆದರೂ ಕಥೆ ಅವರ ಮನಸ್ಸಿಗೆ ಒಡನೆಯೇ ನಾಟಿತು. ಮುದುಕ ದೊರೆ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ಹೊರಟು, ತನ್ನ ಮೇಲೆ ಯಾರಿಗೆಷ್ಟು ಪ್ರೀತಿಯೆಂದು ಕೇಳುತ್ತಾನೆ. ಹಿರಿಯರಿಬ್ಬರು ಹೊಗಳಿ ಭಾಗ ಪಡೆಯುತ್ತಾರೆ. ಹೊಗಳಲೊಲ್ಲದ ಕಿರಿಯಳು ಬರಿಗೈಯಲ್ಲಿ ಹೊರಡುತ್ತಾಳೆ.

ಒಬ್ಬ ಹುಡುಗ ಎದ್ದು, “ಸಾರ್, ತಾನು ಮಾಡಿದ್ದು ತಪ್ಪೆಂದು ಆ ದೊರೆಗೆ ಗೊತ್ತಾಗುವುದು ಯಾವಾಗ?” ಎಂದನು. ಪಾಠ ಮುಗಿಸುವ ಅವಸರ ನಮಗೆ. “ಕೊನೆಯಲ್ಲಪ್ಪ” ಎಂದು ಮುಂದಕ್ಕೆ ಸಾಗಿದೆವು.

ಮರುವಾರ ಅವನು ಬರಲಿಲ್ಲ. ತಂದೆ ಕೂಡಿಟ್ಟ ಅಲ್ಪ ಹಣದ ಹಂಚಿಕೆಯಲ್ಲಿ ಮನೆ ಒಡೆದು, ನಿಜವಾಡಿದ ಅಕ್ಕನನ್ನು ತಂದೆ ಹೊರಗಟ್ಟಿದರೆಂದೂ, ಹುಡುಗ ಅವಳೊಡನೆ ಬೆಂಗಳೂರಿಗೆ ಹೊರಟುಹೋದನೆಂದೂ ಸಹಪಾಠಿಗಳು ತಿಳಿಸಿದರು. ಅವನು ಕೇಳಿದ್ದು ತನ್ನ ತಂದೆಯ ವಿಷಯವನ್ನೇ ಎಂದು ಆಗ ನಮಗೆ ಹೊಳೆಯಿತು.

ಆ ರಾತ್ರಿ ಅಂಕವನ್ನು ಮತ್ತೆ ಓದಿದೆವು. ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಹಿರಿಯ ಮಗಳಿಂದ ಅವಮಾನಪಟ್ಟ ದೊರೆ, ಮೊದಲನೆಯ ಅಂಕದ ಐದನೆಯ ದೃಶ್ಯದಲ್ಲಿಯೇ, ಕಿರಿಯಳಿಗೆ ಅನ್ಯಾಯ ಮಾಡಿದೆನೆಂದು ತನ್ನಲ್ಲಿಯೇ ಅಂದುಕೊಳ್ಳುತ್ತಾನೆ. ತಿಳಿವಳಿಕೆಯೇನೋ ಬಂದಿತು, ಆದರೆ ಅವಳನ್ನು ಕರೆಸುವುದಿಲ್ಲ. ಎರಡನೆಯವಳ ಬಳಿಗೆ ಹೋಗಲು ಕುದುರೆ ಸಿದ್ಧವೇ ಎಂದು ವಿಚಾರಿಸುತ್ತಾನೆ. ಮುಂದಿನ ನಾಲ್ಕು ಅಂಕಗಳ ದುಃಖಕ್ಕೆ ದಾರಿಯಾದುದು ಆ ಪ್ರಯಾಣವೇ.

ನಾಟಕದ ಬೀಜವನ್ನು ಆರಂಭದ ಮುಖಸಂಧಿಯಲ್ಲಿಯೇ ಬಿತ್ತಬೇಕೆಂದು ನಮ್ಮ ನಾಟ್ಯಶಾಸ್ತ್ರವು ವಿಧಿಸಿದೆ. ಉಗುರಿನಲ್ಲಿ ಹೋಗಬಹುದಾದುದಕ್ಕೆ ಕೊಡಲಿ ಬೇಕಾಗುವುದು ಅನಂತರದ ಅಂಕಗಳಲ್ಲಿ. ನಿವೃತ್ತರಾಗುವವರೆಗೂ ಆ ಐದನೆಯ ದೃಶ್ಯದಲ್ಲಿ ನಾವು ಪುಸ್ತಕ ಮುಚ್ಚಿ, “ಇಲ್ಲಿಂದ ಹಿಂದಿರುಗಬಹುದಿತ್ತೆ?” ಎಂದು ಮಕ್ಕಳನ್ನು ಕೇಳದೆ ಮುಂದುವರಿದದ್ದಿಲ್ಲ.

ಗೃಹಸ್ಥರೂ ಹಾಗೆಯೇ ಮಾಡಬಹುದು. ಮನೆಯಲ್ಲಿ ಮಗು ಇಂತಹ ನಾಟಕವನ್ನು ಓದುವಾಗ ಪಕ್ಕದಲ್ಲಿ ಕುಳಿತು ಆ ಪ್ರಶ್ನೆಯನ್ನು ಕೇಳಿರಿ. ಮಗುವೇ ಪ್ರಶ್ನೆ ಕೇಳಿದರೆ ಅವಸರದ ಉತ್ತರ ಕೊಡಬೇಡಿರಿ. ಆ ಹುಡುಗನಿಗೆ ಸರಿಯಾದ ಉತ್ತರ ಹೇಳುವ ಅವಕಾಶ ನಮಗೆ ಮತ್ತೆ ದೊರೆಯಲಿಲ್ಲ.