ವಿಸ್ಕಿಯ ರುಚಿಗೆ ಯಜಮಾನ ಯಾರು?

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆ ನಮ್ಮಲ್ಲಿದೆ. ಬಾಯಿಗೆ ಹಾಕಿಕೊಳ್ಳುವುದು ಅವರವರ ನಾಲಗೆಗೆ ಸೇರಿದ ವಿಷಯ, ಮೈಮೇಲೆ ಹಾಕಿಕೊಳ್ಳುವುದು ನಾಲ್ಕು ಜನ ನೋಡುವಂಥ ವಿಷಯ ಎಂದು ಹಿರಿಯರು ಎರಡನ್ನೂ ಬೇರೆ ಬೇರೆ ಇಟ್ಟರು. ಆದರೆ ವಿಸ್ಕಿಯ ವಿಷಯದಲ್ಲಿ ಈ ಗಾದೆ ತಲೆಕೆಳಗಾಗಿದೆ. ಯಾವ ಬಾಟಲು, ಎಷ್ಟು ವರ್ಷದ್ದು, ಎಷ್ಟು ಬೆಲೆಯದು, ಸೋಡಾ ಬೆರೆಸಿದನೋ ಬರಿದೆ ಕುಡಿದನೋ ಎಂಬುದನ್ನು ನೋಡಿ ಮನುಷ್ಯನ ಅಂತಸ್ತು ಅಳೆಯುವವರು ಹುಟ್ಟಿಕೊಂಡಿದ್ದಾರೆ. ದುಬಾರಿ ಬಾಟಲನ್ನು ಮೆಚ್ಚಿದವನದು ‘ಅಭಿರುಚಿ’, ಅಗ್ಗದ್ದನ್ನು ಮೆಚ್ಚಿದವನದು ‘ಚಟ’ ಎಂದು ಅವರು ತೀರ್ಪು ಕೊಡುತ್ತಾರೆ. ಈ ತೀರ್ಪಿಗೆ ಆಧಾರವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಕುಡಿಯದವರು ಕುಡಿಯಲು ಕಲಿಯಲಿ ಎಂದು ಈ ಮಾತುಗಳನ್ನು ಬರೆಯುತ್ತಿಲ್ಲ. ಮಜೂರಿಯ ಹಣ ಮನೆ ಮುಟ್ಟುವ ಮೊದಲೇ ಹೆಂಡದಂಗಡಿಯ ಗಲ್ಲಾ ಸೇರಿದರೆ ಏನಾಗುತ್ತದೆಂಬುದನ್ನು ಗಿರಣಿ ಕೇರಿಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕುಡಿಯದಿರುವವನು ಯಾರಿಗೂ ಕಡಿಮೆಯವನಲ್ಲ. ಆದರೆ ಒಂದು ಪದಾರ್ಥದ ರುಚಿಯನ್ನು ಅಂತಸ್ತಾಗಿ ಮಾರ್ಪಡಿಸಿ ಮಾರುವ ವಿದ್ಯೆ ವಿಸ್ಕಿಯಲ್ಲಿ ಎದ್ದು ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ. ಬಟ್ಟೆ, ಚಹಾ, ಸಾಬೂನು ಮಾರುವವರೂ ಅದೇ ವಿದ್ಯೆಯನ್ನು ಕಲಿತಿದ್ದಾರೆ. ಆದ್ದರಿಂದ ಕುಡಿಯದ ವಾಚಕರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಪದಾರ್ಥವನ್ನು ತಿಳಿಯೋಣ. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುತ್ತಾರಷ್ಟೆ. ಸ್ಕಾಟ್ಲೆಂಡಿನಲ್ಲಿ ಬಾರ್ಲಿಗೆ ಮಾಡುವುದೂ ಇದನ್ನೇ. ಹಾಗೆ ಮೊಳೆತು ಒಣಗಿದ ಬಾರ್ಲಿಗೆ ಮಾಲ್ಟ್ ಎಂದು ಹೆಸರು. ಅದನ್ನು ಬಿಸಿನೀರಿನಲ್ಲಿ ಕಲಸಿ, ಸಿಹಿರಸ ತೆಗೆದು, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸುತ್ತಾರೆ. ಇಳಿದ ದ್ರವಕ್ಕೆ ನೀರಿನಂತೆ ಬಣ್ಣವಿರುವುದಿಲ್ಲ. ಅದು ಸ್ಕಾಟ್ಲೆಂಡಿನಲ್ಲಿಯೇ ಓಕ್ ಮರದ ಪೀಪಾಯಿಯಲ್ಲಿ ಕಡಿಮೆಯೆಂದರೆ ೩ ವರ್ಷ ಮಾಗಬೇಕು, ಬಾಟಲಿಗೆ ತುಂಬುವಾಗ ಮದ್ಯಸಾರ ಶೇಕಡಾ ೪೦ಕ್ಕೆ ಕಡಿಮೆಯಿರಬಾರದು. ಇಷ್ಟಾದರೆ ಮಾತ್ರ ಅದನ್ನು ಸ್ಕಾಚ್ ವಿಸ್ಕಿ ಎಂದು ಕರೆಯಬಹುದೆಂದು ಅಲ್ಲಿಯ ಕಾನೂನು ಹೇಳುತ್ತದೆ.

ರುಚಿಯ ಭೇದವೆಲ್ಲ ಈ ಕೆಲಸಗಳ ಭೇದದಿಂದಲೇ ಬಂದದ್ದು. ಪಶ್ಚಿಮ ಕಡಲಿನ ಐಲಾ ದ್ವೀಪದಲ್ಲಿ ಸೌದೆ ವಿರಳ. ಜೌಗುನೆಲದಲ್ಲಿ ಸಾವಿರಾರು ವರ್ಷ ಹುದುಗಿ ಗಟ್ಟಿಯಾದ ಗಿಡಗಂಟಿಗಳ ಪದರವನ್ನು ಪೀಟ್ ಎನ್ನುತ್ತಾರೆ. ಅಲ್ಲಿಯ ಜನ ಅದನ್ನೇ ಕಡಿದು, ಒಣಗಿಸಿ ಉರಿಸುತ್ತಿದ್ದರು. ಆ ಹೊಗೆ ಮಾಲ್ಟಿಗೆ ಹತ್ತಿತು. ಆದ್ದರಿಂದ ಲಫ್ರೋಯ್ಗ್, ಆರ್ಡ್‌ಬೆಗ್, ಲಾಗವೂಲಿನ್ ಎಂಬ ಐಲಾದ ವಿಸ್ಕಿಗಳಲ್ಲಿ ಹೊಗೆಯ ವಾಸನೆ, ಆಸ್ಪತ್ರೆಯ ಅಯೋಡಿನ್ನಿನಂಥ ವಾಸನೆ ಇರುತ್ತದೆ. ಒಬ್ಬರಿಗೆ ಅದು ಪ್ರಾಣ, ಇನ್ನೊಬ್ಬರು ಮೂಗು ಮುಚ್ಚಿಕೊಳ್ಳುತ್ತಾರೆ. ಉತ್ತರದಲ್ಲಿ ಸ್ಪೇ ನದಿಯ ಬಯಲಿನ ಗ್ಲೆನ್‌ಲಿವೆಟ್, ಗ್ಲೆನ್‌ಫಿಡಿಕ್ ಮೃದುವಾದವು, ಹಣ್ಣಿನ ಕಂಪಿನವು. ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದ ಪೀಪಾಯಿಯಲ್ಲಿ ಮಾಗಿದ್ದಕ್ಕೆ ಒಣದ್ರಾಕ್ಷಿಯ ರುಚಿ ಬರುತ್ತದೆ, ಅಮೇರಿಕದ ಬೂರ್ಬನ್ ತುಂಬಿದ್ದ ಪೀಪಾಯಿಯದಕ್ಕೆ ವೆನಿಲ್ಲಾದ ಸಿಹಿ ಬರುತ್ತದೆ. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು? ಹುಳಿಸಾರು ಮೇಲೋ ಮಜ್ಜಿಗೆಹುಳಿ ಮೇಲೋ ಎಂದು ಕೇಳಿದ ಹಾಗೆ.

ಕುಡಿಯುವ ಕ್ರಮವೂ ಹಾಗೆಯೇ. ನೀರು ಸೋಕಿಸಿದರೆ ವಿಸ್ಕಿ ಕೆಟ್ಟಿತೆಂದು ಹೇಳುವ ಪಂಡಿತರುಂಟು. ಆದರೆ ವಿಸ್ಕಿಯ ಮಿಶ್ರಣವನ್ನು ಹದಗೊಳಿಸುವ ನುರಿತ ಕೆಲಸಗಾರರು ಅದನ್ನು ಮೂಸಿ ನೋಡುವುದೇ ನೀರು ಬೆರೆಸಿ, ಮದ್ಯಸಾರವನ್ನು ಸುಮಾರು ಶೇಕಡಾ ೨೦ಕ್ಕೆ ಇಳಿಸಿಕೊಂಡು. ೨೦೧೭ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಗಣಕಯಂತ್ರದ ಲೆಕ್ಕದಿಂದ ಇದಕ್ಕೊಂದು ಕಾರಣವನ್ನೂ ತೋರಿಸಿದರು. ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎಂಬ ವಸ್ತು, ಮದ್ಯಸಾರ ಹೆಚ್ಚಿರುವಾಗ ದ್ರವದ ಒಳಗೆ ಅಡಗಿರುತ್ತದೆ, ನೀರು ಬಿದ್ದಾಗ ಮೇಲ್ಮೈಗೆ ಬರುತ್ತದೆ ಎಂದರು. ಜಪಾನಿನಲ್ಲಿ ಸೋಡಾ, ಮಂಜುಗಡ್ಡೆ ತುಂಬಿ ಊಟದ ಜೊತೆ ಕುಡಿಯುತ್ತಾರೆ. ಸ್ಪೇನಿನ ತರುಣರು ಕೋಲಾ ಬೆರೆಸುತ್ತಾರೆ. ಚೀನದಲ್ಲಿ ತಣ್ಣಗಿನ ಹಸಿರು ಚಹಾ ಬೆರೆಸಿದವರಿದ್ದಾರೆ. ಇದರಿಂದ ಸ್ಕಾಟ್ಲೆಂಡು ಮುಳುಗಿಹೋಗಲಿಲ್ಲ. ಕುಡಿಯುವವನ ನಾಲಗೆಗೆ ಹಿಡಿಸಿತೇ ಎಂಬುದೊಂದೇ ಪ್ರಶ್ನೆ.

ಹಾಗಾದರೆ ಮೇಲು ಕೀಳಿನ ಏಣಿಯನ್ನು ನಿಲ್ಲಿಸಿದವರು ಯಾರು? ಇದಕ್ಕೆ ಸ್ವಲ್ಪ ಚರಿತ್ರೆ ನೋಡಬೇಕು. ವಿಸ್ಕಿ ಹುಟ್ಟಿದ್ದು ಅರಮನೆಗಳಲ್ಲಲ್ಲ. ಬೇಸಾಯಗಾರರು ಉಳಿದ ಬಾರ್ಲಿಯಿಂದ, ಅಬಕಾರಿಯವರ ಕಣ್ಣು ತಪ್ಪಿಸಿ ಕಣಿವೆಗಳಲ್ಲಿ ಇಳಿಸುತ್ತಿದ್ದ ಮಾಲು ಅದು. ೧೮೨೩ರ ಅಬಕಾರಿ ಕಾನೂನು ಪರವಾನಗಿಯನ್ನು ಸುಲಭ ಮಾಡಿದ ಮೇಲೆ, ಮರುವರ್ಷ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಎಂಬ ರೈತ ಪರವಾನಗಿ ಪಡೆದ. ೧೮೩೦ರಲ್ಲಿ, ಹಿಂದೆ ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಾಸ್ ಕಾಫಿ ಎಂಬವನು ಎಡೆಬಿಡದೆ ಬಟ್ಟಿ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅದರಿಂದ ಜೋಳ, ಗೋಧಿಗಳಿಂದ ಅಗ್ಗವಾದ, ಹಗುರವಾದ ವಿಸ್ಕಿ ಇಳಿಸುವುದು ಸಾಧ್ಯವಾಯಿತು. ಈ ಹಗುರವಾದದ್ದನ್ನೂ ಗಡುಸಾದ ಮಾಲ್ಟ್ ವಿಸ್ಕಿಯನ್ನೂ ಬೆರೆಸಿ ಜನರ ನಾಲಗೆಗೆ ಒಪ್ಪುವ ಹದ ಕಂಡುಹಿಡಿದವರು ಯಾರು ಬಲ್ಲಿರಾ? ದಿನಸಿ ಅಂಗಡಿಯವರು! ಜಾನ್ ವಾಕರ್ ೧೮೨೦ರಲ್ಲಿ ಕಿಲ್ಮಾರ್ನಕ್ ಎಂಬ ಊರಿನಲ್ಲಿ ದಿನಸಿ ಅಂಗಡಿ ತೆರೆದವನು. ಎಡಿನ್‌ಬರೋದ ಬ್ಯಾಲಂಟೈನ್, ಅಬರ್ಡೀನಿನ ಷಿವಾಸ್ ಸಹೋದರರು, ಇವರೆಲ್ಲ ಅಂಗಡಿಯವರೇ. ಚಹಾ, ಸಕ್ಕರೆ, ಸಾಂಬಾರ ಪದಾರ್ಥ ತೂಗಿ ಕೊಡುತ್ತಿದ್ದ ಕೈಗಳೇ ಗಿರಾಕಿಯ ಮುಖ ನೋಡಿ ವಿಸ್ಕಿಯನ್ನೂ ಬೆರೆಸಿದವು. ನಮ್ಮ ಪೇಟೆಯ ವ್ಯಾಪಾರಿ ಯಾವ ಮನೆಗೆ ಯಾವ ಚಹಾಪುಡಿ ಹಿಡಿಸುತ್ತದೆಂದು ಅರಿತಿರುವಂತೆ ಅವರು ತಮ್ಮ ಊರಿನ ನಾಲಗೆಯನ್ನು ಅರಿತಿದ್ದರು. ರುಚಿ ಗಿರಾಕಿಯಿಂದ ಅಂಗಡಿಗೆ ಹೋಯಿತೇ ಹೊರತು, ಕಂಪೆನಿಯಿಂದ ಗಿರಾಕಿಗೆ ಬರಲಿಲ್ಲ.

ಹೀಗೆ ಬೆರೆಸಿದ್ದು ವಿಸ್ಕಿಯೇ ಅಲ್ಲ ಎಂಬ ವಾದವೂ ಎದ್ದಿತು. ೧೯೦೫ರಲ್ಲಿ ಲಂಡನ್ನಿನ ಇಸ್ಲಿಂಗ್‌ಟನ್ ಪುರಸಭೆ ಇಬ್ಬರು ಚಿಲ್ಲರೆ ಮಾರಾಟಗಾರರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ಮ್ಯಾಜಿಸ್ಟ್ರೇಟರ ತೀರ್ಪು ಅವರ ವಿರುದ್ಧವಾಯಿತು. ದೊಡ್ಡ ಡಿಸ್ಟಿಲರಿಗಳಿಗೆ ಆಗ ಬಿಸಿ ಮುಟ್ಟಿತು. ೧೯೦೮ರಲ್ಲಿ ಸರ್ಕಾರ ‘ವಿಸ್ಕಿ ಎಂದರೇನು’ ಎಂದು ತೀರ್ಮಾನಿಸಲು ರಾಯಲ್ ಕಮಿಷನ್ನನ್ನೇ ನೇಮಿಸಿತು. ೧೯೦೯ರಲ್ಲಿ ಅದು ಎರಡೂ ವಿಸ್ಕಿಯೇ ಎಂದು ವರದಿ ಕೊಟ್ಟಿತು. ಹೀಗೆ, ‘ನಿಜವಾದ ವಿಸ್ಕಿ’ ಎಂಬ ಮಾತಿನ ಅರ್ಥ ನಿಂತದ್ದು ಕೋರ್ಟುಗಳಲ್ಲಿ, ಕಮಿಷನ್ನುಗಳಲ್ಲಿ, ವ್ಯಾಪಾರದ ಬಲಾಬಲದಲ್ಲಿ. ದೈವದತ್ತವಾದ ರುಚಿ ಅದರಲ್ಲಿ ಯಾವುದೂ ಇಲ್ಲ.

ಏಣಿಯ ಮೆಟ್ಟಿಲುಗಳು ಎರಡು: ಬಣ್ಣ ಮತ್ತು ವಯಸ್ಸು. ಬಣ್ಣ ಗಾಢವಾದಷ್ಟೂ ಮಾಲು ಹಳೆಯದೆಂದು ಜನ ನಂಬುತ್ತಾರೆ. ಆದರೆ ಸುಟ್ಟ ಸಕ್ಕರೆಯ ಬಣ್ಣವನ್ನು ಸೇರಿಸಲು ಸ್ಕಾಚ್ ಕಾನೂನೇ ಅವಕಾಶ ಕೊಟ್ಟಿದೆ. ಇನ್ನು ವಯಸ್ಸು. ಬಾಟಲಿನ ಮೇಲೆ ೧೨ ವರ್ಷವೆಂದಿದ್ದರೆ ಅದರಲ್ಲಿರುವ ಅತಿ ಎಳೆಯ ವಿಸ್ಕಿಗೆ ೧೨ ವರ್ಷವಾಗಿದೆ ಎಂದು ಅರ್ಥ. ಇದು ಪ್ರಾಮಾಣಿಕ ಲೆಕ್ಕವೇ ಸರಿ. ಆದರೆ ವಯಸ್ಸು ಹೆಚ್ಚಿದಷ್ಟೂ ರುಚಿ ಹೆಚ್ಚುತ್ತದೆ ಎಂಬುದು ಲೆಕ್ಕವಲ್ಲ, ನಂಬಿಕೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ ೨ ಭಾಗ ಆವಿಯಾಗುತ್ತದೆ. ಅದನ್ನು ಅಲ್ಲಿಯವರು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನ ಹವೆಯಲ್ಲಿ ದೇವತೆಗಳ ದಾಹ ಹೆಚ್ಚು. ವರ್ಷಕ್ಕೆ ಶೇಕಡಾ ೧೦ಕ್ಕೂ ಮೀರಿ ಆವಿಯಾಗುತ್ತದೆ, ಮಾಗುವುದೂ ಅಷ್ಟೇ ಬೇಗ. ೧೯೪೮ರಲ್ಲಿ ಆರಂಭವಾದ ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರು ತಮ್ಮ ಮಾಲ್ಟ್ ವಿಸ್ಕಿಯನ್ನು ೨೦೦೪ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋ ನಗರದಲ್ಲಿ. ನಾಲ್ಕೈದು ವರ್ಷದ ಎಳೆಯ ಮಾಲು ಅದು. ಸ್ಕಾಚಿನ ತವರಿನ ನಾಲಗೆಗಳೇ ಅದನ್ನು ಒಪ್ಪಿಕೊಂಡವು. ವಯಸ್ಸಿನ ಏಣಿ ಊರಿಂದೂರಿಗೆ ಬದಲಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಜಾನ್ ವಾಕರನ ಊರಿಗೆ ಮರಳೋಣ. ಅವನ ಅಂಗಡಿಯ ಹೆಸರು ಜಾನಿ ವಾಕರ್ ಎಂದು ಲೋಕವನ್ನೆಲ್ಲ ಸುತ್ತಿತು. ಟೋಪಿ ಧರಿಸಿ, ಕೋಲು ಹಿಡಿದು ದಾಪುಗಾಲಿಕ್ಕುವ ಮನುಷ್ಯನ ಚಿತ್ರ ೧೯೦೮ರಲ್ಲಿ ಬಂದಿತು, ಕೆಂಪು ಮತ್ತು ಕಪ್ಪು ಲೇಬಲ್ಲಿನ ಹೆಸರುಗಳು ೧೯೦೯ರಲ್ಲಿ ಬಂದವು. ಕಿಲ್ಮಾರ್ನಕ್ಕಿನಲ್ಲಿ ತಲೆಮಾರುಗಳ ಕಾಲ ಗಂಡಸರು, ಹೆಂಗಸರು ಈ ವಿಸ್ಕಿಯನ್ನು ಬಾಟಲಿಗೆ ತುಂಬಿ ಬದುಕು ಸಾಗಿಸಿದರು. ಕೊನೆಗೆ ಮಾಲೀಕತ್ವ ಲಂಡನ್ನಿನ ಡಿಯಾಜಿಯೊ ಎಂಬ ಮಹಾ ಕಂಪೆನಿಗೆ ಸೇರಿತು. ೨೦೦೯ರ ಜುಲೈ ತಿಂಗಳಲ್ಲಿ ಆ ಕಂಪೆನಿ ಕಿಲ್ಮಾರ್ನಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿತು. ನಷ್ಟದಲ್ಲಿದ್ದ ಕಂಪೆನಿಯಲ್ಲ ಅದು. ಸುಮಾರು ೭೦೦ ಜನರ ಕೆಲಸಕ್ಕೆ ಕುತ್ತು ಬಂದಿತು. ಬದಲಿಗೆ ದೂರದ ಲೀವನ್ ಎಂಬ ಊರಿನ ಕಾರ್ಖಾನೆಯಲ್ಲಿ ೪೦೦ ಹೊಸ ಕೆಲಸ ಕೊಡುವುದಾಗಿ ಹೇಳಿದರು. ಆ ತಿಂಗಳ ೨೬ನೇ ತಾರೀಖು ಭಾನುವಾರ, ೪೫ ಸಾವಿರದಷ್ಟು ಜನಸಂಖ್ಯೆಯ ಆ ಊರಿನ ಬೀದಿಗಳಲ್ಲಿ ಸುಮಾರು ೨೦ ಸಾವಿರ ಜನ ಮೆರವಣಿಗೆ ನಡೆದರು. ಕೆಲಸಗಾರರು ನಡೆದರು, ಅಂಗಡಿಯವರು ನಡೆದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದೆತಾಯಿಗಳು ನಡೆದರು. ಕಂಪೆನಿ ಜಗ್ಗಲಿಲ್ಲ. ೨೦೧೨ರ ಮಾರ್ಚಿಯಲ್ಲಿ ಕಾರ್ಖಾನೆ ಮುಚ್ಚಿತು. ಲೇಬಲ್ಲಿನ ಮೇಲಿನ ಮನುಷ್ಯ ಮಾತ್ರ ನಗುನಗುತ್ತ ನಡೆಯುತ್ತಲೇ ಇದ್ದಾನೆ, ಹುಟ್ಟಿದ ಊರನ್ನು ಹಿಂದೆ ಬಿಟ್ಟು.

ಇದೇ ಕಂಪೆನಿ ೨೦೨೧ರಲ್ಲಿ ಎಡಿನ್‌ಬರೋ ನಗರದ ಪ್ರಿನ್ಸಸ್ ಬೀದಿಯಲ್ಲಿ ಜಾನಿ ವಾಕರ್ ಹೆಸರಿನ ಭವ್ಯ ಮಂದಿರವೊಂದನ್ನು ತೆರೆಯಿತು. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಪ್ರವಾಸಕ್ಕೆಂದು ತೆಗೆದಿಟ್ಟ ೧೮.೫ ಕೋಟಿ ಪೌಂಡಿನ ಯೋಜನೆಯ ಭಾಗ ಅದು. ಅಲ್ಲಿಗೆ ಹೋದವರಿಗೆ ಕೆಲವು ಪ್ರಶ್ನೆ ಕೇಳಿ, ನಿಮ್ಮ ರುಚಿ ಇಂಥ ಬಗೆಯದು, ನಿಮಗೆ ಇಂಥ ವಿಸ್ಕಿ ಹಿಡಿಸುತ್ತದೆ ಎಂದು ಹೇಳಿ ಕುಡಿಸುತ್ತಾರೆ. ಗಿರಾಕಿಯ ಮುಖ ನೋಡಿ ಅಂಗಡಿಯವನು ಮಾಡುತ್ತಿದ್ದ ಕೆಲಸವೇ ಇದು. ಆದರೆ ಆ ಅಂಗಡಿಯವನು ಊರಿನವನು. ಗಿರಾಕಿಯ ಕೆಲಸ ಹೋದರೆ ಅವನ ಅಂಗಡಿಗೂ ಬೀಗ ಬೀಳುತ್ತಿತ್ತು. ಇಂದಿನ ಮಾಲೀಕನಿಗೆ ಆ ಅಂಜಿಕೆಯಿಲ್ಲ. ನಾಲಗೆಯ ಮೇಲೆ ಇಷ್ಟು ಕಾಳಜಿ ತೋರಿಸುವವರು ಕೈಗಳ ಮೇಲೆ ಅದರಲ್ಲಿ ಅರ್ಧವನ್ನಾದರೂ ತೋರಿಸಬಾರದಿತ್ತೆ?

ಇದು ಐದು ಸಾವಿರ ಮೈಲಿ ದೂರದ ಕಥೆ ಎಂದು ಯಾರೂ ತಿಳಿಯಬೇಕಾಗಿಲ್ಲ. ೨೦೧೪ರ ಹೊತ್ತಿಗೆ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪೆನಿಯ ಅರ್ಧಕ್ಕಿಂತ ಹೆಚ್ಚು ಪಾಲು ಇದೇ ಡಿಯಾಜಿಯೊ ಕೈಸೇರಿತು. ನಮ್ಮಲ್ಲಿ ವಿಸ್ಕಿ ಎಂಬ ಹೆಸರಿನಿಂದ ಮಾರಾಟವಾಗುವ ಅಗ್ಗದ ಮಾಲಿನಲ್ಲಿ ಹೆಚ್ಚಿನದು, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ತನ್ನದೇ ಆದ ರುಚಿಯಿಲ್ಲದ ಮದ್ಯಸಾರಕ್ಕೆ ಬಣ್ಣವನ್ನೂ ವಾಸನೆಯನ್ನೂ ಸೇರಿಸಿದ್ದು. ಕಾಕಂಬಿಯದನ್ನು ವಿಸ್ಕಿ ಎಂದು ಮಾರುವಂತಿಲ್ಲ ಎಂದು ಐರೋಪ್ಯ ಒಕ್ಕೂಟದ ಕಾನೂನು ಹೇಳುತ್ತದೆ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಂತಿತು. ಸಾರಾಯಿ ಮಾಡಿದ ಹಾಳನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಂತದ್ದು ಬಡವನ ಸಾರಾಯಿಯೇ ಹೊರತು ಬಡವನ ಕುಡಿತವಲ್ಲ. ಸಾರಾಯಿ ಕುಡಿಯುತ್ತಿದ್ದವನ ಕೈಗೆ ಆಮೇಲೆ ಬಂದದ್ದು ಈ ಅಗ್ಗದ ಪೊಟ್ಟಣದ ಮಾಲು. ಅದು ಅವನು ಆರಿಸಿಕೊಂಡ ರುಚಿಯಲ್ಲ, ಅವನ ಜೇಬು ಆರಿಸಿದ ರುಚಿ. ಆ ಮೇಲೆ ಅವನ ರುಚಿಯನ್ನು ಹಳಿಯುವುದು ಯಾವ ನ್ಯಾಯ?

೨೦೨೫ರ ಜುಲೈ ೨೪ರಂದು ಭಾರತಕ್ಕೂ ಬ್ರಿಟನ್ನಿಗೂ ವ್ಯಾಪಾರ ಒಪ್ಪಂದವಾಯಿತು. ಅದರ ಪ್ರಕಾರ ಸ್ಕಾಚಿನ ಮೇಲಿನ ಆಮದು ಸುಂಕ ಶೇಕಡಾ ೧೫೦ರಿಂದ ಮೊದಲು ೭೫ಕ್ಕೆ, ಹತ್ತು ವರ್ಷಗಳಲ್ಲಿ ೪೦ಕ್ಕೆ ಇಳಿಯಬೇಕು. ಬಾಟಲುಗಳು ಹತ್ತಿರ ಬಂದಂತೆ ಜಾಹೀರಾತುಗಳೂ ಹತ್ತಿರ ಬರುತ್ತವೆ. ನೀನು ಮೇಲೇರಬೇಕು, ನಿನ್ನ ರುಚಿ ಸುಧಾರಿಸಬೇಕು ಎಂಬ ಉಪದೇಶ ನಮ್ಮ ಕಿವಿಗೂ ಬೀಳುತ್ತದೆ.

ಆಗ ನಾವು ಹೇಳಬೇಕಾದದ್ದು ಇಷ್ಟೆ. ಹೊಗೆಯ ವಾಸನೆ ಹಿಡಿಸಿದವನು ಅದನ್ನು ಕುಡಿಯಲಿ, ಸೋಡಾ ಬೇಕಾದವನು ಸೋಡಾ ಬೆರೆಸಲಿ, ಬೇಡವೆನ್ನುವವನು ಲಿಂಬೆಹಣ್ಣಿನ ಪಾನಕ ಕುಡಿದು ಸುಖವಾಗಿರಲಿ. ರುಚಿಯಲ್ಲಿ ಯಜಮಾನ, ಆಳು ಎಂಬ ಭೇದವಿಲ್ಲ. ಆದರೆ ಬಾಟಲಿನೊಳಗೆ ಏನಿದೆ, ಯಾವುದರಿಂದ ತೆಗೆದದ್ದು, ಎಷ್ಟು ಮಾಗಿದ್ದು, ಬಣ್ಣ ಸೇರಿಸಿದ್ದಾರೆಯೇ ಎಂಬುದನ್ನು ಓದಬಲ್ಲ ಅಕ್ಷರಗಳಲ್ಲಿ, ಓದಬಲ್ಲ ಭಾಷೆಯಲ್ಲಿ ಲೇಬಲ್ಲಿನ ಮೇಲೆ ಅಚ್ಚು ಹಾಕಿಸುವುದು ಸರ್ಕಾರದ ಕರ್ತವ್ಯ. ಅದನ್ನು ಕೇಳುವುದು ಕೊಳ್ಳುವವನ ಹಕ್ಕು, ಮಾರುವ ಚಿಲ್ಲರೆ ವ್ಯಾಪಾರಿಯ ಹಕ್ಕೂ ಹೌದು. ತಪ್ಪು ಮಾಲಿನ ಅಪವಾದ ಮೊದಲು ಬೀಳುವುದು ಅಂಗಡಿಯವನ ತಲೆಯ ಮೇಲೆಯೇ ಎಂಬುದನ್ನು ಇಸ್ಲಿಂಗ್‌ಟನ್ನಿನ ಮೊಕದ್ದಮೆ ತೋರಿಸಿದೆ.

ಲೇಬಲ್ಲಿನ ಮೇಲೆ ಅಚ್ಚಾಗದ ಸಂಗತಿಯೂ ಒಂದಿದೆ. ಬಾರ್ಲಿ ಬೆಳೆದವರು, ಪೀಟ್ ಕಡಿದವರು, ಹಂಡೆಗೆ ಬೆಂಕಿ ಕೊಟ್ಟವರು, ಪೀಪಾಯಿ ಕಟ್ಟಿದವರು, ಬಾಟಲು ತುಂಬಿದವರು, ಇವರೆಲ್ಲರ ಕೆಲಸ ಸೇರಿಯೇ ಆ ರುಚಿ. ಅವರ ಅನ್ನ ಭದ್ರವಾಗಿದೆಯೇ ಎಂದು ಕೇಳದೆ ರುಚಿಯನ್ನು ಮಾತ್ರ ಹೊಗಳುವವನು, ಎಷ್ಟೇ ದುಬಾರಿ ಬಾಟಲು ಹಿಡಿದಿರಲಿ, ಅರ್ಧ ರುಚಿಯನ್ನಷ್ಟೇ ಬಲ್ಲ.